ಪ್ಯಾಂಟು ಒದ್ದೆಯಾಗುತ್ತದೆ: ಸಾನ್ ಹುವಾನ್ ಲಗೂನಿನಲ್ಲಿ ರಾತ್ರಿ ಕಯಾಕ್

ಮೊದಲೇ ಹೇಳಿಬಿಡುತ್ತೇನೆ, ಪ್ಯಾಂಟು ಒದ್ದೆಯಾಗುತ್ತದೆ. ಹುಟ್ಟು ಎತ್ತಿದಾಗಲೆಲ್ಲ ಅದರ ಕೋಲಿನ ಮೇಲೆ ನೀರು ಜಾರಿ ಮೊದಲು ಮೊಣಕೈಗೆ, ಅಲ್ಲಿಂದ ತೊಡೆಗೆ, ಕೊನೆಗೆ ಸೀಟಿಗೆ ಇಳಿಯುತ್ತದೆ. ಹದಿನೈದು ನಿಮಿಷದಲ್ಲಿ ನೀವು ಸಣ್ಣದೊಂದು ಕೊಳದಲ್ಲಿ ಕೂತಿರುತ್ತೀರಿ. ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನ್‌ನಲ್ಲಿ ರಾತ್ರಿ ಕಯಾಕಿಗೆ ಹೊರಟವರಿಗೆ ಈ ಮಾತನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಜಾಹೀರಾತಿನ ಫೋಟೋಗಳಲ್ಲಿ ಎಲ್ಲರೂ ಮದುವೆಮನೆಗೆ ಹೊರಟವರ ಹಾಗೆ ಗರಿಗರಿಯಾಗಿ ಕೂತು ನಗುತ್ತಿರುತ್ತಾರೆ. ನಮ್ಮತ್ತಿಗೆ ಆ ಫೋಟೋ ನಂಬಿ ಬಿಳಿ ಹತ್ತಿ ಪ್ಯಾಂಟು ಹಾಕಿಕೊಂಡು ಬಂದಿದ್ದರು.

ಅಣ್ಣ-ಅತ್ತಿಗೆ ಇರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿಯ ಕನ್ನಡದವರು ಡಿಸೆಂಬರ್-ಜನವರಿಯ ಚಳಿ ತಪ್ಪಿಸಿಕೊಳ್ಳಲು ಹೋಗುವ ಜಾಗಗಳಲ್ಲಿ ಪೋರ್ಟೊ ರಿಕೊ ಒಂದು. ಅಮೆರಿಕದ ಆಡಳಿತಕ್ಕೆ ಸೇರಿದ ದ್ವೀಪವಾದ್ದರಿಂದ ಬೇರೆ ವೀಸಾ ಬೇಡ, ದುಡ್ಡು ಬದಲಿಸುವ ತಾಪತ್ರಯವಿಲ್ಲ, ನೆವಾರ್ಕ್‌ನಿಂದ ನಾಲ್ಕು ಗಂಟೆಯ ವಿಮಾನ. ಹಾಗೆಂದು ಭಾರತದ ಪಾಸ್‌ಪೋರ್ಟಿನವರು ಕಾಗದಪತ್ರ ಮನೆಯಲ್ಲಿ ಬಿಟ್ಟು ಹೋಗಬಾರದು. ಪಾಸ್‌ಪೋರ್ಟು, ವೀಸಾ ಅಥವಾ ಗ್ರೀನ್ ಕಾರ್ಡು ಕೈಚೀಲದಲ್ಲೇ ಇರಲಿ. ನಾನು ಬೆಂಗಳೂರಿನಿಂದ ಹೋದವಳು, ಅವರ ಜೊತೆ ಸೇರಿಕೊಂಡೆ.

ನಾವು ಹೋದದ್ದು ಕೊಂಡಾಡೊ ಲಗೂನಿಗೆ. ಲಗೂನ್ ಎಂದರೆ ನಮ್ಮ ಕರಾವಳಿಯ ಹಿನ್ನೀರಿನ ದಾಯಾದಿ. ಕಡಲಿಗೂ ಅದಕ್ಕೂ ನಡುವೆ ನೆಲದ ಪಟ್ಟಿಯೊಂದು ಅಡ್ಡ ಮಲಗಿರುತ್ತದೆ, ಒಂದೋ ಎರಡೋ ಬಾಯಿಯಲ್ಲಿ ಉಪ್ಪುನೀರು ಒಳಗೆ ಹೊರಗೆ ಆಡುತ್ತಿರುತ್ತದೆ. ಕೊಂಡಾಡೊದ ವಿಶೇಷವೇನೆಂದರೆ ಅದು ಊರ ನಡುವೆಯೇ ಇದೆ. ನೂರು ಎಕರೆ ಆಸುಪಾಸಿನ ನೀರು. ಉತ್ತರದ ದಂಡೆಯಲ್ಲಿ ಹೋಟೆಲುಗಳ ಗೋಡೆ, ಅದರ ಬೆನ್ನಿಗೆ ಅಟ್ಲಾಂಟಿಕ್ ಸಾಗರ. ದಕ್ಷಿಣಕ್ಕೆ ವಾಹನಗಳು ಬಿಡುವಿಲ್ಲದೆ ಓಡುವ ಬಾಲ್ಡೊರಿಯೊಟಿ ಹೆದ್ದಾರಿ. ಪಶ್ಚಿಮದ ತುದಿಯಲ್ಲಿ ದೋಸ್ ಎರ್ಮಾನೋಸ್ ಸೇತುವೆ, ಅದರಾಚೆ ಕಡಲಿಗೆ ತೆರೆಯುವ ಎಲ್ ಬೊಕೆರೊನ್ ಎಂಬ ಬಾಯಿ, ಆ ಬಾಯಿಯನ್ನು ಕಾಯುತ್ತ ಸ್ಪೇನ್‌ನವರ ಕಾಲದ ಸಾನ್ ಹೆರೊನಿಮೊ ಕೋಟೆ. 1797ರಲ್ಲಿ ಬ್ರಿಟಿಷರು ಸಾನ್ ಹುವಾನ್ ಮೇಲೆ ಏರಿಬಂದಾಗ ಅವರನ್ನು ಹಿಮ್ಮೆಟ್ಟಿಸಿದ ಕಾವಲುಗಳಲ್ಲಿ ಇದೂ ಒಂದು.

ಸೇತುವೆಯ ಹೆಸರಿಗೆ ‘ಇಬ್ಬರು ಸಹೋದರರು’ ಎಂದರ್ಥ. ಕೊಂಡಾಡೊದ ಜಮೀನು ಕೊಂಡು ಬಡಾವಣೆ ಮಾಡಿದ ಬೆನ್ ಸಹೋದರರು ಅದನ್ನು ಕಟ್ಟಿಸಿದರು. ಸೈಟು ಮಾರಬೇಕಾದರೆ ಮೊದಲು ರಸ್ತೆ ಮಾಡಬೇಕು ಎಂಬ ವಿದ್ಯೆ ಬೆಂಗಳೂರಿನವರಿಗಷ್ಟೇ ಗೊತ್ತಿರುವುದಲ್ಲ. ಇದೇ ಅಣ್ಣತಮ್ಮಂದಿರು 1920ರಲ್ಲಿ ಐಟಿಟಿ ಎಂಬ ದೊಡ್ಡ ಟೆಲಿಫೋನ್ ಕಂಪನಿಯನ್ನೂ ಹುಟ್ಟುಹಾಕಿದರು.

ಕಳೆದ ಶತಮಾನದಲ್ಲಿ ಈ ಲಗೂನಿನ ತಳ ಬಗೆದು ಮರಳು-ಮಣ್ಣು ತೆಗೆದಿದ್ದರಿಂದ ಕೆಲವೆಡೆ ಆಳದ ಗುಂಡಿಗಳು ಉಳಿದಿವೆ. ಅಂಚಿನಲ್ಲಿ ಸೊಂಟದ ನೀರು ಎಂದುಕೊಂಡು ನಾಲ್ಕು ಹೆಜ್ಜೆ ಮುಂದಿಟ್ಟರೆ ಕಾಲಿಗೆ ನೆಲ ಸಿಗದ ಜಾಗಗಳಿವೆ. 2013ರಲ್ಲಿ ಇದನ್ನು ಕಾನೂನಿನ ಮೂಲಕ ಸಂರಕ್ಷಿತ ನೈಸರ್ಗಿಕ ತಾಣವೆಂದು ಘೋಷಿಸಲಾಯಿತು. ಈಗ ತಳದಲ್ಲಿ ಕಡಲಹುಲ್ಲು ಬೆಳೆಯುತ್ತದೆ, ಮೀನಿಗೆ ಆಸರೆಯಾಗಲೆಂದು ಕೃತಕ ಬಂಡೆಗಳನ್ನೂ ಇಳಿಸಿದ್ದಾರೆ. ನಗರದ ಕೆರೆ ಎಂದರೆ ಬೆಳ್ಳಂದೂರಿನ ನೊರೆ ನೆನಪಾಗುವ ನನ್ನಂಥವಳಿಗೆ, ಹೋಟೆಲಿನ ದೀಪ ಬೀಳುವಷ್ಟು ಹತ್ತಿರದಲ್ಲಿ ಕಡಲಾಮೆ ತಲೆ ಎತ್ತುತ್ತದೆ ಎಂಬುದನ್ನು ನಂಬುವುದೇ ಕಷ್ಟವಾಯಿತು.

ಎರಡು ಬೆಳಕುಗಳನ್ನು ಬೆರೆಸಬೇಡಿ

ಟಿಕೆಟ್ ಕಾದಿರಿಸುವ ಮುನ್ನ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಪೋರ್ಟೊ ರಿಕೊದಲ್ಲಿ ರಾತ್ರಿ ಕಯಾಕ್ ಎಂದರೆ ಎರಡು ಬೇರೆ ಬೇರೆ ಸಂಗತಿ. ಅರ್ಧದಷ್ಟು ಪ್ರವಾಸಿಗರು ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದಕ್ಕೆ ದುಡ್ಡು ಕಟ್ಟುತ್ತಾರೆ, ಆಮೇಲೆ ದಡದಲ್ಲಿ ಮುಖ ಊದಿಸಿಕೊಂಡು ನಿಲ್ಲುತ್ತಾರೆ.

ಕೊಂಡಾಡೊದಲ್ಲಿ ಸಿಗುವುದು ಎಲ್‌ಇಡಿ ಕಯಾಕ್. ದೋಣಿಯ ತಳ ಗಾಜಿನಷ್ಟು ತಿಳಿಯಾದ ಗಟ್ಟಿ ಪ್ಲಾಸ್ಟಿಕ್ಕಿನದು, ಅದಕ್ಕೆ ಬ್ಯಾಟರಿಯ ದೀಪ ಕಟ್ಟಿರುತ್ತಾರೆ. ದೀಪ ನಮ್ಮದು, ನೀರು ಅದರದು. ಕಡಲು ತಾನಾಗಿ ಮಿನುಗುವುದನ್ನು ನೋಡಬೇಕೆಂದರೆ ಹೋಗಬೇಕಾದ ಜಾಗಗಳೇ ಬೇರೆ. ಸಾನ್ ಹುವಾನ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದ ಫಹಾರ್ದೊದಲ್ಲಿ ಲಗೂನಾ ಗ್ರಾಂದೆ ಇದೆ. ವಿಯೆಕೆಸ್ ದ್ವೀಪದಲ್ಲಿ ಮಸ್ಕಿಟೊ ಬೇ. ಜಗತ್ತಿನಲ್ಲೇ ಅತಿ ಪ್ರಕಾಶದ ಕೊಲ್ಲಿ ಎಂದು ಗಿನ್ನೆಸ್ ಪುಸ್ತಕದಲ್ಲಿ ಹೆಸರು ಪಡೆದದ್ದು ಇದೇ. ನೈಋತ್ಯದಲ್ಲಿ ಲಾ ಪಾರ್ಗೆರಾ. ಅಲ್ಲಿನ ನೀರಿನಲ್ಲಿ ಕಣ್ಣಿಗೆ ಕಾಣದ ಏಕಕೋಶ ಜೀವಿಗಳು ಕೋಟಿಗಟ್ಟಲೆ ಇರುತ್ತವೆ. ಹುಟ್ಟು ತಾಗಿ ನೀರು ಕದಡಿದರೆ ಒಂದೊಂದೂ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ನೀಲಿಯಾಗಿ ಹೊಳೆದು ಆರುತ್ತದೆ. ಸುತ್ತ ಕೆಂಪು ಕಾಂಡ್ಲಾ ಕಾಡು ಇರಬೇಕು, ಕಡಲಿನ ಬಾಯಿ ಕಿರಿದಾಗಿರಬೇಕು, ಊರಿನ ದೀಪ ದೂರವಿರಬೇಕು. ಇಷ್ಟೆಲ್ಲ ಕೂಡಿದ ಕಡೆ ಅದು ಚೆನ್ನಾಗಿ ಕಾಣುತ್ತದೆ. ನಡುಪೇಟೆಯ ಕೊಂಡಾಡೊದಲ್ಲಿ ಅದನ್ನು ನಿರೀಕ್ಷಿಸಿದರೆ ತಪ್ಪು ಲಗೂನಿನದಲ್ಲ.

ದಿನ ಆರಿಸಿಕೊಳ್ಳುವುದೂ ಇದಕ್ಕೆ ತಕ್ಕ ಹಾಗೆ. ಎಲ್‌ಇಡಿ ಕಯಾಕಿಗೆ ಹುಣ್ಣಿಮೆಯೋ ಅಮಾವಾಸ್ಯೆಯೋ ಏನೂ ವ್ಯತ್ಯಾಸವಿಲ್ಲ. ಹೊಳೆಯುವ ಕೊಲ್ಲಿಗಾದರೆ ಕತ್ತಲೇ ಬಂಡವಾಳ. ಹುಣ್ಣಿಮೆಯ ಆಚೀಚೆ ಹೋದರೆ ಅರ್ಧ ಮಜಾ ಹೋಯಿತು. ಅಮಾವಾಸ್ಯೆಯ ದಿನ ಪ್ರಯಾಣ ಬೇಡ ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕಿ ದೋಣಿ ಕಾದಿರಿಸಿದ್ದೇವೆ ಎಂದು ಫೋನಿನಲ್ಲಿ ಹೇಳಿದರೆ ಅಮ್ಮನ ಕಡೆಯಿಂದ ಮಾತೇ ಬರಲಿಲ್ಲ. ಅಷ್ಟರಲ್ಲಿ ಅಣ್ಣ ಕಾದಿರಿಸಿದ್ದು ಕೊಂಡಾಡೊಗೆ ಎಂದು ಗೊತ್ತಾಯಿತು, ಅಮಾವಾಸ್ಯೆಯ ಪ್ರಶ್ನೆಯೇ ಬಿದ್ದುಹೋಯಿತು. ಹೌದು, ಅರ್ಧದಷ್ಟು ಪ್ರವಾಸಿಗರು ಎಂದೆನಲ್ಲ, ಅವರಲ್ಲಿ ನಮ್ಮಣ್ಣನೂ ಸೇರಿದ್ದಾನೆ.

ಹಾಗಾದರೆ ಯಾವುದು ಮೇಲು? ಜೀವಮಾನದಲ್ಲಿ ಒಮ್ಮೆ ಎನ್ನುವಂಥದ್ದು ಬೇಕಿದ್ದರೆ ಹೊಳೆಯುವ ಕೊಲ್ಲಿಗೆ ಹೋಗಿ. ಆದರೆ ಲಗೂನಾ ಗ್ರಾಂದೆಗೆ ತಲುಪಲು ಕಾಂಡ್ಲಾ ಮರಗಳ ನಡುವಿನ ಇಕ್ಕಟ್ಟಾದ ಕಾಲುವೆಯಲ್ಲಿ, ಕಪ್ಪುಗತ್ತಲಲ್ಲಿ, ಅರ್ಧ ಗಂಟೆಗೂ ಹೆಚ್ಚು ಹುಟ್ಟು ಹಾಕಬೇಕು; ಎದುರಿನಿಂದ ಇನ್ನೊಂದು ಗುಂಪು ಬರುತ್ತಿರುತ್ತದೆ, ಕೊಂಬೆ ಮುಖಕ್ಕೆ ಬಡಿಯುತ್ತದೆ. ವಿಯೆಕೆಸ್‌ಗೆ ಸೇಬಾದಿಂದ ಫೆರಿ ಹಿಡಿದು ಅಲ್ಲೊಂದು ರಾತ್ರಿ ತಂಗುವುದೇ ಲೇಸು. ಈ ಎರಡೂ ಕಡೆ ನೀರಿಗಿಳಿದು ಈಜುವಂತಿಲ್ಲ. ಮೈಗೆ ಹಚ್ಚಿದ ಸೊಳ್ಳೆ ಎಣ್ಣೆ, ಕ್ರೀಮು ಆ ಜೀವಿಗಳಿಗೆ ವಿಷ. ಮೊದಲ ಸಲ ಹುಟ್ಟು ಹಿಡಿಯುವವರಿಗೆ, ಮಕ್ಕಳಿರುವವರಿಗೆ, ಈಜು ಬಾರದವರಿಗೆ ಕೊಂಡಾಡೊವೇ ಸರಿ. ದಡ ಸದಾ ಕಣ್ಣಿಗೆ ಕಾಣುತ್ತಿರುತ್ತದೆ. ಆ ಧೈರ್ಯ ಸಣ್ಣದಲ್ಲ.

ಹೊರಡುವ ಮುನ್ನ

ದೋಣಿ ಇಳಿಯುವುದು ದಕ್ಷಿಣ ದಂಡೆಯ ಹೈಮೆ ಬೆನಿತೆಸ್ ಪಾರ್ಕಿನ ಕಡೆಯಿಂದ. ವಿಮಾನ ನಿಲ್ದಾಣದಿಂದ ಹತ್ತು-ಹದಿನೈದು ನಿಮಿಷದ ಹಾದಿ, ಊಬರ್ ಸಿಗುತ್ತದೆ. ಪಾರ್ಕಿನಲ್ಲಿ ಸಂಜೆ ವಾಕಿಂಗ್ ಮಾಡುವ ಅಜ್ಜಂದಿರು, ನಾಯಿ ಹಿಡಿದವರು, ಬೆಂಚಿನ ಮೇಲೆ ಜೋಡಿಗಳು, ಅಂದರೆ ಲಾಲ್‌ಬಾಗಿನ ಕೆರೆಯಂಚಿನ ಅದೇ ಜನ, ಭಾಷೆ ಮಾತ್ರ ಸ್ಪ್ಯಾನಿಷ್. ಗೈಡುಗಳಿಗೆಲ್ಲ ಇಂಗ್ಲಿಷ್ ಚೆನ್ನಾಗಿ ಬರುತ್ತದೆ.

ಶುಲ್ಕ ಸಾಮಾನ್ಯವಾಗಿ ತಲೆಗೆ ಐವತ್ತರಿಂದ ಎಪ್ಪತ್ತು ಡಾಲರ್, ಜೊತೆಗೆ ಗೈಡಿಗೆ ಶೇಕಡಾ 15-20ರಷ್ಟು ಟಿಪ್ಸ್ ಕೊಡುವುದು ಅಲ್ಲಿಯ ವಾಡಿಕೆ. ನೀರಿನ ಮೇಲೆ ಇರುವುದು ಒಂದರಿಂದ ಒಂದೂವರೆ ಗಂಟೆ. ಕತ್ತಲಾದ ಮೇಲೆ ಒಂದರ ಹಿಂದೊಂದು ಸರದಿ ಇರುತ್ತದೆ. ಡಿಸೆಂಬರಿನಲ್ಲಿ ಸಾನ್ ಹುವಾನ್‌ನ ಸೂರ್ಯ ಆರು ಗಂಟೆಗೆ ಮೊದಲೇ ಮುಳುಗುತ್ತಾನೆ, ಜೂನ್‌ನಲ್ಲಿ ಏಳರ ಸುಮಾರಿಗೆ. ಮೊದಲ ಸರದಿ ಹಿಡಿದರೆ ಇನ್ನೂ ಬಾನಿನಲ್ಲಿ ಬೆಳಕು ಉಳಿದಿರುತ್ತದೆ, ದೋಣಿಯಡಿಯ ದೀಪ ಮಂಕು. ಎರಡನೆಯದನ್ನೋ ಕೊನೆಯದನ್ನೋ ಕೇಳಿ. ಇನ್ನೊಂದು ಕಾರಣವೂ ಇದೆ. ಈ ದ್ವೀಪದಲ್ಲಿ ಹಗಲೆಲ್ಲ ಪೂರ್ವದಿಂದ ಗಾಳಿ ಬೀಸುತ್ತದೆ, ಹೊತ್ತು ಮುಳುಗಿದ ಮೇಲೆ ಅದು ನಿಧಾನವಾಗಿ ಇಳಿಯುತ್ತದೆ. ಕಯಾಕ್ ಹಗುರ, ನೀರಿಗಿಂತ ಗಾಳಿಯ ಮಾತು ಹೆಚ್ಚು ಕೇಳುತ್ತದೆ. ಗಾಳಿ ಬಿದ್ದ ಲಗೂನಿನಲ್ಲಿ ತಳದ ಹುಲ್ಲು ಸಹ ಕಾಣುತ್ತದೆ. ಗಾಳಿಯಿದ್ದರೆ ಬರೀ ಸುಕ್ಕು.

ಕಾದಿರಿಸುವಾಗ ಮೂರು ಪ್ರಶ್ನೆ ಕೇಳಬೇಕು. ಒಂದು ದೋಣಿಯಲ್ಲಿ ಇಬ್ಬರ ತೂಕ ಎಷ್ಟರವರೆಗೆ ಆಗಬಹುದು? ಎಷ್ಟನೇ ವಯಸ್ಸಿನ ಮಗುವಿನಿಂದ ಸೇರಿಸಿಕೊಳ್ಳುತ್ತಾರೆ? ಗುಂಪಿಗೆ ಗೈಡುಗಳೆಷ್ಟು? ತೂಕದ ಪ್ರಶ್ನೆ ಕೇಳಲು ನಮ್ಮವರಿಗೆ ಸಂಕೋಚ. ದಡದಲ್ಲಿ ಎಲ್ಲರೆದುರು ‘ನೀವು ಬೇರೆ ದೋಣಿಗೆ ಬನ್ನಿ’ ಎನ್ನಿಸಿಕೊಳ್ಳುವುದಕ್ಕಿಂತ ಫೋನಿನಲ್ಲೇ ಕೇಳಿಬಿಡುವುದು ಮೇಲು. ಹತ್ತು ದೋಣಿಗೆ ಒಬ್ಬನೇ ಗೈಡ್ ಎಂದರೆ ನಾನಾದರೆ ಬೇರೆಯವರನ್ನು ಹುಡುಕುತ್ತೇನೆ.

ಮಳೆ ನೋಡಿಕೊಳ್ಳಿ. ಹತ್ತು ನಿಮಿಷದ ಮಳೆ ಅಲ್ಲಿ ದಿನಚರಿ, ಅದಕ್ಕೆ ಯಾರೂ ಛತ್ರಿ ಬಿಚ್ಚುವುದಿಲ್ಲ. ಆದರೆ ಜೋರು ಮಳೆ ಸುರಿದರೆ ಊರಿನ ಚರಂಡಿ ನೀರೆಲ್ಲ ಲಗೂನಿಗೇ ಬರುತ್ತದೆ. ಒಂದೆರಡು ದಿನ ಬಿಟ್ಟು ಹೋಗುವುದು ಒಳ್ಳೆಯದು, ಕಾಲಿನಲ್ಲಿ ಗಾಯವಿದ್ದರಂತೂ ಹೌದು. ಇದು ರಾಜಕಾಲುವೆ ಕಂಡವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್ 20ರಂದು ಬಂದ ಮರಿಯಾ ಚಂಡಮಾರುತದ ಬಗ್ಗೆ ಅಲ್ಲಿ ಯಾರನ್ನು ಕೇಳಿದರೂ ಒಂದು ಕಥೆ ಇರುತ್ತದೆ, ಕರೆಂಟಿಲ್ಲದೆ ತಿಂಗಳುಗಟ್ಟಲೆ ಕಳೆದದ್ದು. ಆ ಕಾಲದಲ್ಲಿ ಹೋಗುವವರು ರದ್ದತಿಯ ನಿಯಮ ಓದಿಕೊಂಡೇ ದುಡ್ಡು ಕಟ್ಟಬೇಕು.

ಬಟ್ಟೆಯ ವಿಷಯ ಆಗಲೇ ಹೇಳಿದೆ. ಬೇಗ ಒಣಗುವ ಚಡ್ಡಿ ಅಥವಾ ಲೆಗ್ಗಿಂಗ್ಸು, ಹಿಂಬದಿ ಪಟ್ಟಿಯಿರುವ ಚಪ್ಪಲಿ. ಹವಾಯಿ ಚಪ್ಪಲಿ ಬೇಡ, ದೋಣಿ ಏರುವಾಗ ಕೆಸರಿನಲ್ಲಿ ಒಂದು ಉಳಿದುಬಿಡುತ್ತದೆ. ಸೀರೆ, ಚೂಡಿದಾರ್, ದುಪಟ್ಟ ಯಾವುದೂ ಆಗದು, ಸಿಕ್ಕಿಕೊಳ್ಳುತ್ತದೆ. ಕನ್ನಡಕಕ್ಕೆ ದಾರ ಕಟ್ಟಿ. ಮೊಬೈಲನ್ನು ಕುತ್ತಿಗೆಗೆ ನೇತುಹಾಕುವ ನೀರು ಹೋಗದ ಚೀಲದಲ್ಲಿಡಿ. ಚೀಲವನ್ನು ಹೋಟೆಲಿನ ಬಕೆಟ್ಟಿನಲ್ಲಿ ಒಮ್ಮೆ ಅದ್ದಿ ನೋಡಿದ ಮೇಲೆಯೇ ಮೊಬೈಲು ಹಾಕಿ. ನನ್ನದು ಹೊಸ ಚೀಲ, ನೋಡದೆ ಹಾಕಿದೆ. ಆ ಫೋನು ಈಗ ಮಾತಾಡುತ್ತದೆ, ಆದರೆ ಕೇಳಿಸಿಕೊಳ್ಳುವುದಿಲ್ಲ. ಬಳೆ, ಸರ ತೆಗೆದಿಡಿ. ಒಣ ಬಟ್ಟೆ, ಟವೆಲ್ಲು, ಒಂದು ಪ್ಲಾಸ್ಟಿಕ್ ಚೀಲ ದಡದಲ್ಲಿರಲಿ. ನಮಗಾದರೆ ಅಣ್ಣ ಇದ್ದ. ಬೆನ್ನುನೋವಿನ ನೆಪ ಹೇಳಿ ಬೆಂಚಿನ ಮೇಲೆ ಇಬ್ಬರ ಹ್ಯಾಂಡ್‌ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತ.

ಕಡಲ ಬಾಯಿಯ ಹತ್ತಿರವೇ ಕ್ಯಾರಿಬ್ ಹಿಲ್ಟನ್ ಹೋಟೆಲಿದೆ. ಪಿನ್ಯಾ ಕೊಲಾಡ ಎಂಬ ಅನಾನಸು-ತೆಂಗಿನಹಾಲು-ರಮ್ಮಿನ ಪಾನೀಯ 1954ರಲ್ಲಿ ತನ್ನಲ್ಲೇ ಹುಟ್ಟಿತೆಂದು ಹೇಳಿಕೊಳ್ಳುತ್ತದೆ. ರುಚಿ ನೋಡುವುದಿದ್ದರೆ ದೋಣಿ ಇಳಿದ ಮೇಲೆ. ಕುಡಿದು ಬಂದವರನ್ನು ಗೈಡು ವಾಪಸು ಕಳಿಸುತ್ತಾನೆ, ದುಡ್ಡನ್ನು ವಾಪಸು ಕೊಡುವುದಿಲ್ಲ.

ನೀರಿನ ಮೇಲೆ

ನಮ್ಮ ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಲೈಫ್ ಜಾಕೆಟ್ ತೊಡಿಸಿದ ಮೇಲೆ ಭುಜದ ಪಟ್ಟಿ ಹಿಡಿದು ಎರಡೂ ಕೈಯಿಂದ ಮೇಲಕ್ಕೆ ಜಗ್ಗಿದಳು. ಜಾಕೆಟ್ಟು ಕಿವಿಯವರೆಗೆ ಬಂತು. ‘ಇನ್ನೂ ಬಿಗಿ’ ಎಂದಳು. ಸರಿಯಾದ ಜಾಕೆಟ್ ಎಂದರೆ ಇಷ್ಟೇ: ಮೇಲಕ್ಕೆಳೆದರೆ ಗಲ್ಲ ದಾಟಬಾರದು. ನಮ್ಮ ದೇಶದ ಬೋಟಿಂಗ್ ಜಾಗಗಳಲ್ಲಿ ಜಾಕೆಟ್ಟನ್ನು ಶಾಲಿನ ಹಾಗೆ ಹೊದಿಸಿ ಕಳಿಸುವುದನ್ನು ನೋಡಿದ್ದೇನೆ. ನೀರಿಗೆ ಬಿದ್ದರೆ ಜಾಕೆಟ್ಟು ತೇಲುತ್ತದೆ, ಮನುಷ್ಯ ಕೆಳಗಿಂದ ಜಾರುತ್ತಾನೆ.

ಇಬ್ಬರ ದೋಣಿಯಲ್ಲಿ ಹಿಂದೆ ಕೂತವರು ದಿಕ್ಕು ನೋಡಬೇಕು, ಮುಂದೆ ಕೂತವರು ತಾಳ ಹಾಕಬೇಕು. ಭಾರದವರು ಹಿಂದೆ. ಮುಂದಿನವರ ಹುಟ್ಟು ಎಡಕ್ಕೆ ಬಿದ್ದಾಗ ಹಿಂದಿನವರದೂ ಎಡಕ್ಕೇ ಬೀಳಬೇಕು, ಇಲ್ಲದಿದ್ದರೆ ಕೋಲಾಟ. ಮದುವೆಯಾದವರು ಒಂದೇ ದೋಣಿಯಲ್ಲಿ ಕೂರದಿರುವುದು ಕ್ಷೇಮ ಎಂದು ಗೈಡ್ ನಕ್ಕಳು. ತೋಳಿನಿಂದ ಎಳೆಯಬೇಡಿ, ಸೊಂಟದ ಮೇಲಿನ ಮೈ ತಿರುಗಿಸಿ, ಕೈ ಅದರ ಹಿಂದೆ ಬರಲಿ. ತಿರುಗಲು ಹುಟ್ಟನ್ನು ಮೂತಿಯ ಬಳಿ ಇಳಿಸಿ ಅರ್ಧಚಂದ್ರದ ಹಾಗೆ ಹಿಂದಕ್ಕೆ ಬೀಸಬೇಕು. ನಿಲ್ಲಿಸಲು ಹಿಮ್ಮುಖವಾಗಿ ಎರಡು ಸಲ. ಇಷ್ಟು ಕಲಿತರೆ ಸಾಕು. ಪಾರದರ್ಶಕ ದೋಣಿಗಳು ಅಗಲ, ಭಾರ, ನಿಧಾನ, ಎಮ್ಮೆಯ ಹಾಗೆ. ಅದೇ ಕಾರಣಕ್ಕೆ ಸುಲಭವಾಗಿ ಮಗುಚುವುದಿಲ್ಲ. ಎದ್ದು ನಿಂತರೆ ಮಾತ್ರ ಬೀಳುತ್ತೀರಿ, ಅಥವಾ ಒಂದೇ ಪಕ್ಕಕ್ಕೆ ಇಬ್ಬರೂ ಬಗ್ಗಿ ಮೀನು ನೋಡಲು ಹೋದರೆ. ಬಿದ್ದರೆ ದೋಣಿಯನ್ನು ಬಿಡದೆ ಹಿಡಿದುಕೊಂಡು ಕೂಗಬೇಕು, ದಡಕ್ಕೆ ಈಜಲು ಹೋಗಬಾರದು.

ಮೊದಲ ಹತ್ತು ನಿಮಿಷ ನನಗೆ ಏನೂ ಕಾಣಲಿಲ್ಲ. ಕಾಲ ನಡುವೆ ಹಸಿರು-ನೀಲಿ ಬೆಳಕು, ಅದರೊಳಗೆ ಧೂಳಿನಂಥ ಚೂರುಗಳು. ‘ಇಷ್ಟಕ್ಕಾ ಅರವತ್ತು ಡಾಲರು?’ ಎಂದರು ಅತ್ತಿಗೆ ಮುಂದಿನಿಂದ, ಕನ್ನಡದಲ್ಲಿ, ಜೋರಾಗಿಯೇ. ಆಮೇಲೆ ಗೈಡ್ ಹುಟ್ಟು ಎತ್ತಿ ಸುಮ್ಮನೆ ಇರಿ ಎಂದಳು. ಆ ಧೂಳು ಧೂಳಲ್ಲ. ಬೆಳಕಿಗೆ ಸೇರುವ ಸಣ್ಣ ಸಣ್ಣ ಜೀವಿಗಳು. ಅವನ್ನು ತಿನ್ನಲು ಬೆರಳುದ್ದದ ಮರಿಮೀನುಗಳು ಬಂದವು. ಮೂರು ನಿಮಿಷವಾಗಿರಬೇಕು, ಅವು ಒಮ್ಮೆಲೇ ಚದುರಿದವು. ನನ್ನ ಎರಡು ಪಾದಗಳ ಕೆಳಗೆ, ಪ್ಲಾಸ್ಟಿಕ್ಕಿನ ಆಚೆ ಬದಿಯಲ್ಲಿ, ಬೆಳ್ಳಿ ತಟ್ಟೆಯಷ್ಟು ಅಗಲದ ಹುರುಪೆಗಳಿದ್ದ ಬೆನ್ನೊಂದು ಅವಸರವಿಲ್ಲದೆ ಹಾದುಹೋಯಿತು. ಹೋಗುತ್ತಲೇ ಇತ್ತು. ದೋಣಿಯಾಚೆ ಮೇಲೆದ್ದು ‘ಗ್ಲಪ್’ ಎಂದು ಗಾಳಿ ನುಂಗಿತು. ಟಾರ್ಪನ್ ಅದು, ಅಲ್ಲಿಯವರು ಸಾಬಾಲೊ ಎನ್ನುತ್ತಾರೆ. ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲ ಮೀನು. ಅದರ ಚಿಕ್ಕ ಸೋದರ ಜಾತಿಯೊಂದು ನಮ್ಮ ಅಳಿವೆಗಳಲ್ಲೂ ಇದೆ. ಅತ್ತಿಗೆ ಅರವತ್ತು ಡಾಲರಿನ ಮಾತು ಮತ್ತೆ ಎತ್ತಲಿಲ್ಲ.

ಬೆಳಕಿಗೆ ಮೀನು ಬರುವ ಈ ಗುಟ್ಟು ಮಲ್ಪೆ-ಕಾರವಾರದವರಿಗೆ ಹೊಸದಲ್ಲ. ಕಡಲಲ್ಲಿ ಪ್ರಖರ ದೀಪ ಹಾಕಿ ಮೀನನ್ನು ಒಂದೆಡೆ ಸೇರಿಸಿ ಬಾಚುವ ಲೈಟ್ ಫಿಶಿಂಗ್ ವಿಷಯದಲ್ಲಿ ನಾಡದೋಣಿಯವರಿಗೂ ದೊಡ್ಡ ಬೋಟಿನವರಿಗೂ ಎಷ್ಟು ಜಗಳವಾಗಿದೆ! ಕೇಂದ್ರ ಸರ್ಕಾರ 2017ರಲ್ಲಿ ಅದನ್ನು ನಿಷೇಧಿಸಿತು. ಇಲ್ಲಿ ಬಲೆಯಿಲ್ಲ ಎನ್ನುವುದೊಂದೇ ಸಮಾಧಾನ. ಆದರೂ ಬೆಳಕು ಬೆಳಕೇ. ಪ್ರತಿ ರಾತ್ರಿ ಹತ್ತಾರು ದೋಣಿಗಳು ಅದೇ ಜಾಗದಲ್ಲಿ ದೀಪ ಹೊತ್ತು ತಿರುಗಿದರೆ ಅಲ್ಲಿನ ಜೀವಿಗಳ ಹಗಲು-ರಾತ್ರಿಯ ಲೆಕ್ಕ ತಪ್ಪದೇ ಇರುತ್ತದೆಯೇ? ಆಗಾಗ ದೀಪ ಆರಿಸುವ ಗೈಡು ಒಳ್ಳೆಯ ಗೈಡು ಎಂಬುದು ನನ್ನ ಅಳತೆಗೋಲು. ನಮ್ಮವಳು ಕಡಲಹುಲ್ಲಿನ ಮೇಲೆ ಬಂದಾಗ ಎಲ್ಲ ದೋಣಿಯ ದೀಪ ಆರಿಸಿದಳು. ಐದು ನಿಮಿಷ. ಹೆದ್ದಾರಿಯ ಗುಂಯ್ಗುಟ್ಟುವಿಕೆ, ಯಾವುದೋ ಹೋಟೆಲಿನ ಬಾಲ್ಕನಿಯಿಂದ ಹಾಡು, ನೀರಿನ ಮೇಲೆ ಕಿಟಕಿಗಳ ಹಳದಿ ಗೆರೆಗಳು. ಅಷ್ಟರಲ್ಲಿ ಎಡಗಡೆ, ಮನೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟ ಹಾಗೆ ಒಂದು ಸದ್ದು.

‘ಮನಾಟಿ’ ಎಂದು ಪಿಸುಗುಟ್ಟಿದಳು.

ಕಂಡದ್ದು ಎರಡು ಮೂಗಿನ ಹೊಳ್ಳೆ ಮಾತ್ರ, ಅದೂ ಕಿಟಕಿಯ ಹಳದಿ ಗೆರೆಯೊಂದು ಅಲ್ಲಿ ಮುರಿದದ್ದರಿಂದ. ಹುಲ್ಲು ತಿಂದು ಬದುಕುವ, ನಾಲ್ಕೈದು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರುವ ಪ್ರಾಣಿ. ನಮ್ಮಲ್ಲಿ ಪಾಕ್ ಜಲಸಂಧಿಯಲ್ಲಿರುವ ಕಡಲಹಸುವಿನ ಬಳಗ. ಅಮೆರಿಕದ ಕಾನೂನು ಅದನ್ನು ಮುಟ್ಟುವುದನ್ನೂ, ಅದಕ್ಕೆ ತಿನ್ನಲು ಕೊಡುವುದನ್ನೂ, ಬೆನ್ನಟ್ಟುವುದನ್ನೂ ನಿಷೇಧಿಸಿದೆ. ಮನಾಟಿ ಹತ್ತಿರ ಬಂದರೆ ಹುಟ್ಟನ್ನು ತೊಡೆಯ ಮೇಲಿಟ್ಟು ಸುಮ್ಮನಿರುವುದು ಒಂದೇ ಕೆಲಸ. ಅದು ಕಾಣುತ್ತದೆ ಎಂಬ ಭರವಸೆಯನ್ನು ಯಾರಾದರೂ ಕೊಟ್ಟರೆ ಆ ಮಾತನ್ನು ಅಲ್ಲಿಗೇ ಬಿಡಿ. ತೊರಕೆ, ಸೂಜಿಯಂಥ ಉದ್ದ ಮೀನು, ಏಡಿ ಇವು ಸಾಮಾನ್ಯ. ಆಮೆ, ಮನಾಟಿ ಅದೃಷ್ಟ.

ಗೈಡಿನ ದೋಣಿಯಲ್ಲಿ ಬಿಳಿ ದೀಪವೊಂದು ಬೇರೆಯೇ ಇತ್ತು. ಹುಟ್ಟು ಹಾಕುವ ದೋಣಿ ರಾತ್ರಿ ಹೊತ್ತು ಬಿಳಿ ಬೆಳಕಿನ ಟಾರ್ಚನ್ನು ಕೈಗೆಟಕುವಂತೆ ಇಟ್ಟುಕೊಂಡು, ಬೇರೆ ದೋಣಿ ಡಿಕ್ಕಿಯಾಗುವ ಮುನ್ನ ತೋರಿಸಬೇಕು ಎಂಬುದು ಜಲಸಂಚಾರದ ನಿಯಮ. ಕಾಲಡಿಯ ಬಣ್ಣದ ದೀಪ ಇದಕ್ಕೆ ಬದಲಿಯಲ್ಲ. ಮೋಟರ್ ಬೋಟಿನವರಿಗೆ ಕೆಂಪು-ಹಸಿರು ದೀಪಗಳೆಂದರೆ ಎಡ-ಬಲದ ಗುರುತು, ಗೊಂದಲವಾಗುತ್ತದೆ. ಗೈಡಿನ ಬಳಿ ಬಿಳಿ ದೀಪ, ಸೀಟಿ ಎರಡೂ ಇವೆಯೇ ಎಂದು ದಡದಲ್ಲೇ ಕಣ್ಣಾಡಿಸಿ. ಇನ್ನೊಂದು ಗಮನಿಸಬೇಕಾದದ್ದು: ಅವಳು ನಮ್ಮನ್ನು ಪಶ್ಚಿಮದ ಸೇತುವೆಯ ಹತ್ತಿರಕ್ಕೆ ಬಿಡಲೇ ಇಲ್ಲ. ಸಾನ್ ಹುವಾನ್‌ನಲ್ಲಿ ಉಬ್ಬರ-ಇಳಿತದ ಅಂತರ ಒಂದರಿಂದ ಒಂದೂವರೆ ಅಡಿ ಮಾತ್ರ, ನಮ್ಮ ಕರಾವಳಿಗಿಂತ ಎಷ್ಟೋ ಕಡಿಮೆ. ಆದರೂ ಅಷ್ಟು ನೀರೆಲ್ಲ ಒಂದು ಕಿರಿದಾದ ಬಾಯಿಯಲ್ಲಿ ಹೋಗಿ ಬರಬೇಕಲ್ಲ, ಅಲ್ಲಿ ಸೆಳೆತವಿರುತ್ತದೆ. ಅಳಿವೆ ಬಾಯಿಯ ಹತ್ತಿರ ಹೋಗಬೇಡ ಎಂದು ಕುಂದಾಪುರದಲ್ಲಿ ನನಗೆ ಬಾಲ್ಯದಲ್ಲಿ ಹೇಳಿದ ಮಾತು ಅಟ್ಲಾಂಟಿಕ್ಕಿನ ದಡದಲ್ಲೂ ಹಾಗೇ ನಡೆಯುತ್ತದೆ.

ಮರಳಿ ಬಂದಾಗ ಒಂದು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ಕಾಲು ಜೋಮು ಹಿಡಿದಿರುತ್ತದೆ, ಗೈಡಿನ ಕೈ ಹಿಡಿದೇ ಇಳಿಯಿರಿ. ಹೆಚ್ಚಿನ ಜನ ಬೀಳುವುದು ಲಗೂನಿನ ನಡುವೆ ಅಲ್ಲ, ದಡದ ಅರ್ಧ ಅಡಿ ನೀರಿನಲ್ಲಿ. ಅತ್ತಿಗೆಯೂ ಹಾಗೇ ಕೂತರು, ಬಿಳಿ ಪ್ಯಾಂಟು ಸಮೇತ.

ಹಸಿವಾದವರಿಗೆ ಎರಡು ಮಾತು. ಸಸ್ಯಾಹಾರಿಗಳಿಗೆ ತೊಸ್ತೋನೆಸ್ ನಂಬಿಕಸ್ಥ ತಿಂಡಿ: ಬಾಳೆಕಾಯಿಯ ದಪ್ಪ ಹೋಳು ಕರಿದು, ಜಜ್ಜಿ, ಮತ್ತೆ ಕರಿದದ್ದು, ನಮ್ಮ ಬಾಳೆಕಾಯಿ ಪೋಡಿಯ ದೂರದ ನೆಂಟ. ಮೊಫೊಂಗೊ ಎಂಬುದು ಬೆಳ್ಳುಳ್ಳಿ ಹಾಕಿ ಕುಟ್ಟಿದ ಬಾಳೆಕಾಯಿ ಮುದ್ದೆ, ಅದರಲ್ಲಿ ಹಂದಿಯ ಚರ್ಮ ಕರಿದು ಸೇರಿಸುವುದು ರೂಢಿ. ಅನ್ನ-ಹುರುಳಿಕಾಯಿ ಬೀಜದ ಸಾರು ನೋಡಲು ಶುದ್ಧ ಶಾಕಾಹಾರಿ. ಒಳಗೆ ಹಂದಿಮಾಂಸದ ತುಂಡು ಬೇಯುತ್ತಿರುವುದು ಸಾಮಾನ್ಯ. ‘ಸಿನ್ ಕಾರ್ನೆ’, ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಹ್ಯಾಮ್ ಹಾಕಿ ತಂದುಕೊಡುವವರಿದ್ದಾರೆ. ಹ್ಯಾಮೂ ಬೇಡ ಎಂದು ಬಿಡಿಸಿ ಹೇಳಿ.

ಪೋರ್ಟೊ ರಿಕೊ ಯಾರಿಗೆ ಸಾಧ್ಯ ಎನ್ನುವವರಿಗೆ: ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಪಾರಂಪಳ್ಳಿಯಲ್ಲಿ ಸೀತಾನದಿಯ ಹಿನ್ನೀರಿನ ಕಾಂಡ್ಲಾ ನಡುವೆ ಹಗಲು ಹೊತ್ತು ಕಯಾಕ್ ಮಾಡಬಹುದು. ಹುಟ್ಟು ಹಾಕುವ ಅಭ್ಯಾಸಕ್ಕೆ ಅದಕ್ಕಿಂತ ಚೆಂದದ ಜಾಗ ನಾನು ಕಂಡಿಲ್ಲ. ರಾತ್ರಿಯದೇ ಬೇಕಿದ್ದರೆ ಕೊಚ್ಚಿಯ ಮಗ್ಗುಲಿನ ಕುಂಬಳಂಗಿಗೆ ಹೋಗಿ. ಅಲ್ಲಿನ ಹಿನ್ನೀರು ಬೇಸಿಗೆಯ ಕೆಲವು ವಾರ ನೀಲಿಯಾಗಿ ಮಿನುಗುತ್ತದೆ, ಸ್ಥಳೀಯರು ಅದಕ್ಕೆ ‘ಕವರು’ ಎನ್ನುತ್ತಾರೆ. 2019ರ ‘ಕುಂಬಳಂಗಿ ನೈಟ್ಸ್’ ಸಿನಿಮಾ ಬಂದ ಮೇಲೆ ಜನ ಹುಡುಕಿಕೊಂಡು ಹೋಗಲು ಶುರುಮಾಡಿದರು. ಮಳೆ ಬಿದ್ದು ನೀರಿನ ಉಪ್ಪು ಇಳಿದರೆ ಆ ವರ್ಷದ ಕಥೆ ಮುಗಿಯಿತು. ನಮ್ಮ ಕಡಲತೀರಗಳಲ್ಲೂ 2020ರ ನವೆಂಬರಿನಲ್ಲಿ ಅಲೆಗಳು ನೀಲಿಯಾಗಿ ಹೊಳೆದದ್ದು ನೆನಪಿರಬಹುದು. ಆದರೆ ಗೈಡು, ಜಾಕೆಟ್ಟು, ಬಿಳಿ ದೀಪ ಇಲ್ಲದೆ ಯಾರದೋ ದೋಣಿ ಕೇಳಿಕೊಂಡು ರಾತ್ರಿ ಹಿನ್ನೀರಿಗೆ ಇಳಿಯುವ ಸಾಹಸ ಬೇಡ.

ಕಳೆದ ವಾರ ಅತ್ತಿಗೆ ಫೋನು ಮಾಡಿದ್ದರು. ನನ್ನ ಫೋನಿಗೆ ಕೇಳಿಸದ್ದರಿಂದ ವಾಟ್ಸಾಪಿನಲ್ಲಿ ಬರೆದರು: ‘ಈ ಸಲ ವಿಯೆಕೆಸ್‌ಗೆ ಹೋಗೋಣ ಅಂತಿದ್ದೀವಿ. ನಿನ್ನ ಹತ್ತಿರ ಒಂಟಿಕೊಪ್ಪಲ್ ಪಂಚಾಂಗ ಇದೆಯಲ್ಲ, ಜನವರಿಯ ಅಮಾವಾಸ್ಯೆ ಯಾವತ್ತು ನೋಡಿ ಹೇಳು. ಅತ್ತೆಗೆ ಹೇಳಬೇಡ.’